ಆಟ ಬಾಕಿ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಉತ್ತರ ಕನ್ನಡದಲ್ಲಿ ಯಾರಾದರೂ 'ಇವತ್ತು ರಾತ್ರಿ ಆಟ ಇದೆ, ಹೋಗುವಾ' ಅಂದರೆ ಅದು ಕ್ರಿಕೆಟ್ಟೂ ಅಲ್ಲ, ಕಬಡ್ಡಿಯೂ ಅಲ್ಲ. ಯಕ್ಷಗಾನ. ಹೊನ್ನಾವರಕ್ಕೆ ಹೋಗಿ, ಕುಮಟೆಗೆ ಹೋಗಿ, ಶಿರಸಿ, ಸಿದ್ದಾಪುರಕ್ಕೆ ಹೋಗಿ, ಇದೇ ಮಾತು. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಕೈಮುಗಿದು, ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿಕೊಂಡು, ಗೆಜ್ಜೆ ಕಟ್ಟಿ, ಬೆಳಗಿನ ತನಕ ಕುಣಿಯುವ ಅಷ್ಟು ದೊಡ್ಡ ಕೆಲಸಕ್ಕೆ ಹಿರಿಯರು ಇಟ್ಟ ಹೆಸರು ಆಟ. ನಮ್ಮ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 80ರ ಹತ್ತಿರ ವಯಸ್ಸು. ಪ್ರಶಸ್ತಿ ಬಂತು, ಇನ್ನು ಸಾಕು ಅಂತ ಅವರು ಗೆಜ್ಜೆ ಬಿಚ್ಚಿಡಲಿಲ್ಲ. ಆಮೇಲೂ ರಂಗಸ್ಥಳಕ್ಕೆ ಬಂದರು. ನಾವು ನೋಡಿದೆವು.

ಆಟವನ್ನು ಇಷ್ಟು ದೊಡ್ಡದು ಮಾಡಿದ ಇದೇ ಊರಿನಲ್ಲಿ, ಮಗಳಿಗೆ ಮದುವೆ ಗೊತ್ತಾದ ಕೂಡಲೇ ನಾವು ಹೇಳುವ ಮೊದಲ ಮಾತು ಯಾವುದು? 'ಇನ್ನು ನಿನ್ನ ಆಟ ಎಲ್ಲ ಸಾಕು.' ಕೆಲಸ ಸಿಕ್ಕಿದ ಮಗನಿಗೂ ಇದೇ. ಮಗು ಹುಟ್ಟಿದ ಮೇಲೆ ಇದೇ. ನಿವೃತ್ತಿಯಾದವರು ಸ್ವಲ್ಪ ನಕ್ಕು ಕುಣಿದರೆ 'ಈ ವಯಸ್ಸಿನಲ್ಲಿ ಎಂತ ಆಟ?' ಅನ್ನುತ್ತಾರೆ. ಬದುಕಿನ ಒಂದೊಂದು ತಿರುವಿನಲ್ಲೂ ನಾನು ಈ ಮಾತು ಕೇಳಿದ್ದೇನೆ. ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ತಪ್ಪು ಅಂತ ಹೇಳುವುದಕ್ಕೇ ಇವತ್ತು ಈ ಮೈಕಿನ ಮುಂದೆ ಕೂತಿದ್ದೇನೆ.

ನಾನು ಹುಟ್ಟಿದ್ದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಮನೆಯ ಎದುರು ಗಜನಿ ಗದ್ದೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗದ್ದೆ ಅದು. ಮನೆಯ ಹಿಂದೆ ಬೇಣ, ಹುಲ್ಲು ಬೆಳೆಯುವ ಗುಡ್ಡ. ಬೇಣದಲ್ಲಿ ದನ ಕಾಯುವ ಹುಡುಗರು ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕಿದರೆ ಗದ್ದೆಯ ಆಚೆ ಬದಿಯ ದನವೂ ತಲೆ ಎತ್ತುತ್ತಿತ್ತು. ನನಗೂ ಕಲಿಯಬೇಕು ಅನ್ನಿಸಿತು. ನಾಲಿಗೆಯ ತುದಿಯನ್ನು ಎರಡು ಬೆರಳಿನಿಂದ ಹಿಂದಕ್ಕೆ ಮಡಚಬೇಕು, ತುಟಿಯನ್ನು ಹಲ್ಲಿನ ಮೇಲೆ ಎಳೆದುಕೊಳ್ಳಬೇಕು, ಆಮೇಲೆ ಊದಬೇಕು. ಒಂದು ಇಡೀ ಮಳೆಗಾಲ ಬರೀ ಗಾಳಿ, ಬರೀ ಎಂಜಲು. ದೀಪಾವಳಿ ಹೊತ್ತಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಸಿಳ್ಳೆ ಬಂತು. ಆ ಖುಷಿಯನ್ನು ಹೇಗೆ ಹೇಳಲಿ? ನನ್ನ ಬಾಯಿಂದ ಬಂದ ಸದ್ದು ಬೇಣದ ಆ ತಲೆಗೆ ಬಡಿದು ವಾಪಸ್ ಬಂತು.

1985ರಲ್ಲಿ ಶಿರಸಿ ಕಡೆಯ ಮನೆಗೆ ಮದುವೆ ಗೊತ್ತಾಯಿತು. ಅಮ್ಮ ಪೆಟ್ಟಿಗೆಗೆ ಸೀರೆ ತುಂಬುತ್ತಾ, 'ಘಟ್ಟದ ಮೇಲೆ ಹೋಗಿ ಸಿಳ್ಳೆ ಗಿಳ್ಳೆ ಹಾಕಬೇಡ ಮಾರಾಯ್ತಿ, ಮಾನ ಹೋಗ್ತದೆ' ಅಂದಳು. ಅವಳು ಪ್ರೀತಿಯಿಂದಲೇ ಹೇಳಿದ್ದು. ನಾನೂ ಆಯಿತು ಅಂದೆ.

ಈಗ ಮದುವೆಯ ಮರುದಿನದ ಓಕುಳಿಯ ವಿಷಯ ಹೇಳಬೇಕು. ದೊಡ್ಡ ಪಾತ್ರೆಯಲ್ಲಿ ಅರಿಶಿನ, ಸುಣ್ಣ ಕದಡಿದ ಕೆಂಪು ನೀರು. ಅದರೊಳಗೆ ಒಂದು ಉಂಗುರ. ಗಂಡು ಹೆಣ್ಣು ಇಬ್ಬರೂ ಕೈ ಹಾಕಿ ಹುಡುಕಬೇಕು, ಮೂರು ಸಲ. ಆವರೆಗೆ ನಾನು ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಎರಡು ದಿನದಿಂದ ಹೋಮದ ಹೊಗೆ, ಅಳು, ನಿದ್ದೆಗೇಡು. ಮೊದಲನೇ ಸಲ ಉಂಗುರ ನನಗೆ ಸಿಕ್ಕಿತು. ಎರಡನೇ ಸಲ ಅವರಿಗೆ. ಮೂರನೇ ಸಲ ಇಬ್ಬರ ಬೆರಳೂ ಒಟ್ಟಿಗೆ ಉಂಗುರದ ಮೇಲೆ ಬಿದ್ದವು. ನಾನು ಬಿಡಲಿಲ್ಲ. ಅವರೂ ಬಿಡಲಿಲ್ಲ. ಸುತ್ತ ನಿಂತ ಹೆಂಗಸರು ಕೂಗುತ್ತಿದ್ದಾರೆ, ಕೆಂಪು ನೀರು ಸೀರೆ, ಪಂಚೆ ಎಲ್ಲದಕ್ಕೂ ಹಾರುತ್ತಿದೆ. ತಲೆ ಎತ್ತಿ ನೋಡಿದರೆ ಎದುರಿಗೆ ನಗು ತಡೆಯಲಾಗದೆ ಒದ್ದಾಡುತ್ತಿರುವ ಒಬ್ಬ ಹುಡುಗ. ಗಂಡ ಅಂತ ಅಲ್ಲ, ಜೊತೆಗೆ ಆಡುವವನು ಅಂತ ಅವರನ್ನು ನಾನು ಮೊದಲು ನೋಡಿದ್ದು ಆಗಲೇ.

ಇದರ ಬಗ್ಗೆ ಆಮೇಲೆ ತುಂಬಾ ಯೋಚನೆ ಮಾಡಿದ್ದೇನೆ. ಹುಟ್ಟಿದ ಮನೆ ಬಿಟ್ಟು ಗೊತ್ತಿಲ್ಲದ ಮನೆಗೆ ಹೋಗುವುದು ಅಂದರೆ ಸಣ್ಣ ವಿಷಯವಾ? ಅಷ್ಟು ದೊಡ್ಡ ತಿರುವಿನ ನಟ್ಟನಡುವೆ ಹಿರಿಯರು ಆಟ ಇಟ್ಟಿದ್ದರು. ಉಂಗುರ ಹುಡುಕುವುದು, ಒಡಪಿನಲ್ಲಿ ಗಂಡನ ಹೆಸರು ಹೇಳಿಸುವುದು, ಬೀಗರನ್ನು ಕೀಟಲೆ ಮಾಡುವ ಹಾಡು. ಇವೆಲ್ಲ ಸುಮ್ನೆ ಹೊತ್ತು ಕಳೆಯಲು ಇಟ್ಟದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಹಳ್ಳ ಎಲ್ಲಿ ಜೋರೋ ಅಲ್ಲೇ ದಾಟಲು ಸಂಕ ಹಾಕುತ್ತಾರೆ, ಅಲ್ವಾ? ಈಗಿನ ಮದುವೆಗಳಲ್ಲಿ ಹೊತ್ತಿಲ್ಲ ಅಂತ ಓಕುಳಿಯನ್ನು ಬಿಟ್ಟು ಫೋಟೋಕ್ಕೆ ಎರಡು ಗಂಟೆ ನಿಲ್ಲುತ್ತೇವೆ. ಮದುವೆ ಮಾಡಿಸುವ ತಂದೆತಾಯಿಗಳು ಇದನ್ನು ಕೇಳುತ್ತಿದ್ದರೆ ನನ್ನದೊಂದು ಕೋರಿಕೆ: ಅರ್ಧ ಗಂಟೆ ಉಂಗುರಕ್ಕೆ ಉಳಿಸಿ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಅಘನಾಶಿನಿ ಹುಟ್ಟುವುದು ಶಿರಸಿ ಊರಿನ ಶಂಕರಹೊಂಡದಲ್ಲಿ. ಅಲ್ಲಿಂದ ಹೊರಟು, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ, ನನ್ನ ತವರಿನ ಎದುರು ಸಮುದ್ರ ಸೇರುತ್ತಾಳೆ. ಅವಳು ಬಂದ ಕಡೆಗೆ ನಾನು ಹೋದೆ. ಮೊದಲ ವರ್ಷ ಊರು ನೆನಪಾದಾಗೆಲ್ಲ ಈ ನೀರು ನಮ್ಮನೆ ಕಡೆಗೇ ಹೋಗುತ್ತದೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಶಿರಸಿ ಕಡೆಯ ಮನೆಗಳನ್ನು ನೋಡಿದವರಿಗೆ ಗೊತ್ತು. ಮನೆ ಮೇಲೆ, ತೋಟ ಕೆಳಗೆ. ತೋಟದಲ್ಲಿ ಕೆಲಸ ಮಾಡುವವರನ್ನು ಚಹಾ ಆಸರಿಗೆ ಕರೆಯಬೇಕು ಅಂದರೆ ಅಂಗಳದ ತುದಿಯಲ್ಲಿ ನಿಂತು 'ಕೂ' ಹಾಕಬೇಕು. ನನ್ನ 'ಕೂ' ಯಾರಿಗೂ ಕೇಳುತ್ತಿರಲಿಲ್ಲ. ಗಂಟಲು ಸಣ್ಣದು. ಚಹಾ ಆರುತ್ತಿತ್ತು. ಒಂದು ದಿನ ಅತ್ತೆ ಮನೆಯಲ್ಲಿಲ್ಲ ಅಂತ ತಿಳಿದು ಎರಡು ಬೆರಳು ಬಾಯಿಗಿಟ್ಟೆ. ಸಿಳ್ಳೆ ತೋಟದ ಕೊನೆಯ ತನಕ ಹೋಯಿತು. ಹಿಂತಿರುಗಿ ನೋಡಿದರೆ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಹುಲ್ಲಿನ ಹೊರೆ ಹಿಡಿದು ನಿಂತಿದ್ದಾರೆ.

'ನೀನೇ ಹಾಕಿದ್ಯನೇ ಕೂಸೆ?'

ನಾನು ತಲೆ ತಗ್ಗಿಸಿದೆ. ಅತ್ತೆ ಹೊರೆ ಕೆಳಗಿಟ್ಟರು. ಆಚೆ ಈಚೆ ನೋಡಿದರು. 'ಇನ್ನೊಂದ್ ಸಲ ಹಾಕು ನೋಡನ' ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಚಹಾಕ್ಕೆ ಸಿಳ್ಳೆ. ಹತ್ತಿರ ಹತ್ತಿರ 25 ವರ್ಷ. ಪಕ್ಕದ ತೋಟದವರೂ 'ಅವರ ಮನೆ ಸಿಳ್ಳೆ ಆಯ್ತು, ನಮಗೂ ಹೊತ್ತಾಯ್ತು' ಅನ್ನುತ್ತಿದ್ದರು.

ಅತ್ತೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಸರ ಮಾಡಬೇಡಿ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಆದ ಮೇಲೆ ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದೆವು. ಬೆರಳು ಕಪ್ಪಾಗುತ್ತದೆ, ಸೊಂಟ ಹಿಡಿಯುತ್ತದೆ, ಚಳಿ ಬೇರೆ. ಅತ್ತೆ ಒಗಟು ಶುರು ಮಾಡುತ್ತಿದ್ದರು. ಉತ್ತರ ಹೇಳದವರು ಇನ್ನೊಂದು ಬುಟ್ಟಿ ಸುಲಿಯಬೇಕು. ಕೆಲಸ ಅಷ್ಟೇ ಇತ್ತು, ಒಂದು ಅಡಿಕೆಯೂ ಕಡಿಮೆಯಾಗಲಿಲ್ಲ. ಆದರೆ ಆ ರಾತ್ರಿಗಳು ನನಗೆ ದಣಿವಾಗಿ ನೆನಪಿಲ್ಲ.

ಹುಡುಗಾಟ ಬೇರೆ, ಆಟ ಬೇರೆ ಅಂತ ನಾನು ಕಲಿತದ್ದು ಅವರಿಂದ. ಹುಡುಗಾಟದವನಿಗೆ ಎದುರಿನ ಕೆಲಸ ಕಾಣುವುದಿಲ್ಲ. ಆಟ ಗೊತ್ತಿರುವವನು ಕೆಲಸದ ಒಳಗೇ ಇರುತ್ತಾನೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿ ಹೊತ್ತಿಗೆ ಬೇಡರ ವೇಷ ನೋಡಿದ್ದೀರಲ್ಲ? ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಗುರಾಣಿ ಹಿಡಿದು, ತಮಟೆ ಬಡಿತಕ್ಕೆ ರಾತ್ರಿಯಿಡೀ ಬೀದಿಯಲ್ಲಿ ಅಬ್ಬರಿಸುವವರು ಯಾರು? ಹಗಲು ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ನಮಗೆ ಸಿಗುವ ಹುಡುಗರೇ. ಮಾರನೇ ದಿನ ಕೆನ್ನೆಯ ಬಣ್ಣ ಪೂರ್ತಿ ಹೋಗಿರುವುದಿಲ್ಲ, ಹಾಗೇ ಕೆಲಸಕ್ಕೆ ಬಂದಿರುತ್ತಾರೆ.

ಮದುವೆಯಾಗಿ ಐದು ವರ್ಷಕ್ಕೆ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳು 'ಅಕ್ಕೋರೇ, ಅಕ್ಕೋರೇ' ಅಂತ ಲಗೋರಿಗೆ ಕರೆಯುತ್ತಿದ್ದರು. ಸೆರಗು ಸಿಕ್ಕಿಸಿ ಹೋಗುತ್ತಿದ್ದೆ. ಚೆಂಡಿನಿಂದ ಬೆನ್ನಿಗೆ ಹೊಡೆಸಿಕೊಂಡಿದ್ದೇನೆ, ಓಡಿ ಬಿದ್ದಿದ್ದೇನೆ. ತರಗತಿಯಲ್ಲಿ ಬಾಯೇ ಬಿಡದ ಮಕ್ಕಳು ಅಂಗಳದಲ್ಲಿ ನನಗೆ ಆಟದ ನಿಯಮ ಹೇಳಿಕೊಡುತ್ತಿದ್ದರು. ಆಮೇಲೆ ಮಗ್ಗಿ ಹೇಳಲೂ ಹೆದರುತ್ತಿರಲಿಲ್ಲ.

2006ರಲ್ಲಿ ಮುಖ್ಯೋಪಾಧ್ಯಾಯಿನಿಯಾದೆ. ಆಟ ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಇದನ್ನು ಒತ್ತಿ ಹೇಳಬೇಕು. ಮದುವೆಯ ಹೊತ್ತಿಗಾದರೂ ಅಮ್ಮ ಬಾಯಿಬಿಟ್ಟು ಹೇಳಿದ್ದಳು. ಈ ಸಲ ಹೇಳಿದ್ದು ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲಿನ ರಿಜಿಸ್ಟರುಗಳು. ಕಿಟಕಿಯಿಂದ ಮಕ್ಕಳ ಆಟ ನೋಡುತ್ತಿದ್ದೆ. ಆರಂಭದಲ್ಲಿ ಕರೆಯಲು ಬರುತ್ತಿದ್ದರು. ಒಂದು ತಿಂಗಳಾದ ಮೇಲೆ ಬರಲಿಲ್ಲ. ಅದನ್ನು ನಾನು ಗಮನಿಸಿದ್ದು ಎಷ್ಟೋ ದಿನದ ಮೇಲೆ. ನನ್ನನ್ನು ಕೇಳಿದರೆ ಇದೇ ಹೆಚ್ಚು ಅಪಾಯದ್ದು. ಜೋರಾಗಿ ಬೇಡ ಅಂದರೆ ಎದುರು ಮಾತಾಡಬಹುದು. ಸುಮ್ಮನೆ ಕೈಬಿಟ್ಟು ಹೋದದ್ದು ಹೋಗಿದೆ ಅಂತ ಗೊತ್ತೇ ಆಗುವುದಿಲ್ಲ.

2010ರ ಬೇಸಿಗೆ ಕೊನೆಯಲ್ಲಿ ನಮ್ಮವರು ಹೋದರು. ಎರಡು ದಿನದ ಜ್ವರ, ಅಷ್ಟೇ. ಅದರ ಬಗ್ಗೆ ಹೆಚ್ಚು ಹೇಳಲಾರೆ.

ಉತ್ತರಕ್ರಿಯೆಯೆಲ್ಲ ಮುಗಿದು ನೆಂಟರು ಹೊರಟರು. ಮಗಳು ಕಾಲೇಜಿಗೆ ಹೋದಳು. ಮಳೆಗಾಲ ಹಿಡಿಯಿತು. ತೋಟದಲ್ಲಿ ಮೈದುನ ಆಳು ಕರೆದುಕೊಂಡು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಿದ್ದ. ಚಹಾ ಮಾಡಿ ಇಡುತ್ತಿದ್ದೆ, ಯಾರಾದರೂ ಹೋಗಿ ಕರೆದು ಬರುತ್ತಿದ್ದರು. ಸಿಳ್ಳೆ ಹಾಕಲಿಲ್ಲ. ಹಾಕಿದರೆ ಮೊದಲು ತಲೆ ಎತ್ತಿ ನೋಡುವ ಮನುಷ್ಯ ಅಲ್ಲಿ ಇರಲಿಲ್ಲ. ನಾನು, ಅತ್ತೆ ಒಂದೇ ಮನೆಯಲ್ಲಿದ್ದು ದಿನಕ್ಕೆ ಹತ್ತು ಮಾತು ಆಡುತ್ತಿರಲಿಲ್ಲ. ನನ್ನ ಗಂಡ ಹೋಗಿದ್ದ, ಅವರ ಮಗ ಹೋಗಿದ್ದ. ಯಾರು ಯಾರಿಗೆ ಸಮಾಧಾನ ಹೇಳಬೇಕು?

ಆಷಾಢದ ಒಂದು ಮಧ್ಯಾಹ್ನ ಅತ್ತೆ ಅಟ್ಟದಿಂದ ಚೆನ್ನೆಮಣೆ ಇಳಿಸಿಕೊಂಡು ಬಂದರು. ಕೆಲವು ಕಡೆ ಇದಕ್ಕೆ ಅಳಗುಳಿಮಣೆ ಅನ್ನುತ್ತಾರೆ. ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ನಮ್ಮ ಮನೆಯಲ್ಲಿ ಗುಳಿಗೆ 4ರಂತೆ 56 ಹುಣಸೆಬೀಜ ಹಾಕಿ ಆಡುವುದು. ಆ ಬೀಜಗಳು ಎಷ್ಟೋ ಕೈಯಲ್ಲಿ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಅತ್ತೆ ಏನೂ ಹೇಳದೆ ನನ್ನ ಎದುರು ಮಣೆ ಇಟ್ಟು ಬೀಜ ಹಂಚಿದರು.

ಆಡಲು ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಸಾಲಿನ ಒಂದು ಗುಳಿಯ ಬೀಜ ಪೂರ್ತಿ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಬೀಜ ಇದ್ದರೆ ಅದನ್ನು ಎತ್ತಿ ಮತ್ತೆ ಹಾಕಬೇಕು. ಮುಂದಿನ ಗುಳಿ ಖಾಲಿ ಇದ್ದರೆ, ಆ ಖಾಲಿ ಗುಳಿಯ ಆಚೆಯದರಲ್ಲಿ ಎಷ್ಟಿದೆಯೋ ಅಷ್ಟೂ ನಿಮ್ಮದು. ನಮ್ಮ ಮನೆಯ ನಿಯಮದಲ್ಲಿ ಎದುರಿಗೆ ಖಾಲಿ ಗುಳಿ ಸಿಗದೆ ಗಳಿಕೆಯೇ ಇಲ್ಲ.

ಅತ್ತೆ ಚೆನ್ನೆಯಲ್ಲಿ ಮೋಸ ಮಾಡುತ್ತಿದ್ದರು. ಮೊದಲಿಂದಲೂ. ಬೇಕಾದ ಕಡೆ ಕೈ ನಿಲ್ಲಿಸಲು ಒಂದೇ ಗುಳಿಗೆ ಎರಡು ಬೀಜ ಜಾರಿಸುವುದು ಅವರ ಕಲೆ. ನಾನು 'ಅತ್ತೆ, ಎರಡು ಬಿತ್ತು' ಅನ್ನುವುದು, ಅವರು 'ಇಲ್ಲೆ, ಒಂದೇ' ಅನ್ನುವುದು, ನಮ್ಮವರು ಪೇಪರಿನ ಹಿಂದಿನಿಂದ 'ಎರಡು ಬಿದ್ದ ಸದ್ದು ನನಗೇ ಕೇಳಿತು' ಅನ್ನುವುದು, ಇದು 25 ವರ್ಷದ ಪಾಠ.

ಆ ಮಧ್ಯಾಹ್ನವೂ ಎರಡು ಬಿತ್ತು. ನಾನು ನೋಡಿದೆ. ಸುಮ್ಮನಿದ್ದೆ. ಮಗನನ್ನು ಕಳೆದುಕೊಂಡ ಮುದುಕಿ, ಒಂದು ಬೀಜಕ್ಕೆ ಎಂತ ಜಗಳ ಅಂತ ಪಾಪ ಅನ್ನಿಸಿತ್ತು.

ಅತ್ತೆಯ ಕೈ ಮಣೆಯ ಮೇಲೆ ನಿಂತಿತು. ನನ್ನ ಮುಖ ನೋಡಿದರು.

'ನೋಡಿದ್ದೆ ಅಲ್ದ ನೀನು?'

'ಹೌದು ಅತ್ತೆ.'

'ಮತ್ತೆಂತಕ್ಕೆ ಸುಮ್ನಿದ್ದೆ? ಜಗಳ ಮಾಡೇ.'

ನನಗೆ ಗಂಟಲು ಕಟ್ಟಿತ್ತು. ಹೇಗೋ ಮಾಡಿ 'ಅತ್ತೆ, ಎರಡು ಬಿತ್ತು' ಅಂದೆ. 'ಇಲ್ಲೆ, ಒಂದೇ' ಅಂದರು ಅವರು, ತಕ್ಷಣ, ಯಾವತ್ತಿನ ಅದೇ ದನಿಯಲ್ಲಿ. ಇಬ್ಬರೂ ಮೂರನೆಯ ದನಿಗಾಗಿ ಒಂದು ಕ್ಷಣ ಕಾದೆವು. ಅದು ಬರಲಿಲ್ಲ. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಯಾರು ಮೊದಲು ಅತ್ತರೋ ಗೊತ್ತಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ತುಂಬಾ ಹೊತ್ತಿನ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು 'ನಿನ್ನ ಕೈ' ಅಂದರು. ಆಟ ಮುಂದುವರಿಸಿದೆವು.

ನನಗೆ ಅಯ್ಯೋ ಪಾಪ ಅಂದವರು ಎಷ್ಟೋ ಜನ. ಜಗಳ ಮಾಡು ಅಂದವರು ಅವರೊಬ್ಬರೇ. ಮೊದಲಿನ ಸೊಸೆ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾಳೆ ಅಂತ ಅವರಿಗೆ ಗೊತ್ತಿತ್ತು. ಮತ್ತೆ ಶಾಲೆಗೆ ಹೋದಾಗ ನಾನು ರಿಜಿಸ್ಟರು ಮುಚ್ಚಿಟ್ಟು ಲಗೋರಿಗೆ ಇಳಿದೆ. ಮಕ್ಕಳಿಗೆ ಮೊದಲು ನಂಬಿಕೆಯೇ ಬರಲಿಲ್ಲ.

2021ರ ನವೆಂಬರಿನಲ್ಲಿ, ನನಗೆ ನಿವೃತ್ತಿ ಹತ್ತಿರ ಬಂದಾಗ, ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡ ಫೋಟೋ ಬಂತು. ಹಾಲಕ್ಕಿ ಬುಡಕಟ್ಟಿನವರ ಉಡುಗೆ, ಕೊರಳ ತುಂಬ ಮಣಿಸರ, ಬರಿಗಾಲು. ಆ ರತ್ನಗಂಬಳಿಯ ಮೇಲೆ ನಮ್ಮ ಊರಿನ ಕಾಲು ಹಾಗೇ ನಡೆದುಹೋಯಿತು. ಬೀಜ ಆರಿಸಿ ಗಿಡ ಎಬ್ಬಿಸುತ್ತಾ ಬೇಣ ಬೆಟ್ಟ ಸುತ್ತಿದ ಕಾಲು. ನಾನು ಆ ಫೋಟೋ ಕತ್ತರಿಸಿ ಆಫೀಸಿನ ಗೋಡೆಗೆ ಅಂಟಿಸಿದೆ.

ಅಷ್ಟಾದರೂ ನಿವೃತ್ತಿ ಕಷ್ಟವೇ ಆಯಿತು. ಶಾಲು ಹೊದೆಸಿದರು, ಮಕ್ಕಳು ಅತ್ತರು, ಮುಗಿಯಿತು. ಅಷ್ಟರಲ್ಲಿ ಅತ್ತೆಯೂ ಇರಲಿಲ್ಲ. ಮಗಳ ಕೆಲಸ ಕಾರವಾರದಲ್ಲಿ, ಅವಳ ಜೊತೆ ಬಂದೆ. ಬೆಳಿಗ್ಗೆ 10 ಗಂಟೆಗೆ ಕೈ ತಾನಾಗಿ ಪ್ರಾರ್ಥನೆಯ ಗಂಟೆ ಹುಡುಕುತ್ತಿತ್ತು. ಸಂಜೆ ಟಾಗೋರ್ ಕಡಲತೀರದಲ್ಲಿ ಹೋಗಿ ಕೂರುತ್ತಿದ್ದೆ.

ಆ ಹೆಸರು ಯಾಕೆ ಬಂತು ಅಂತ ನಿಮಗೆ ಗೊತ್ತು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ರವೀಂದ್ರನಾಥರು ಅಣ್ಣನ ಹತ್ತಿರ ಬಂದು ಉಳಿದಾಗ 22ರ ಹುಡುಗ. ಒಂದು ಸಂಜೆ ಕಾಳಿ ನದಿಯಲ್ಲಿ ದೋಣಿಯಲ್ಲಿ ಮೇಲಕ್ಕೆ ಹೋಗಿ, ರಾತ್ರಿ ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ವಾಪಸ್ ಬಂದದ್ದನ್ನು ಎಷ್ಟೋ ವರ್ಷದ ಮೇಲೆ ನೆನಪಿಸಿಕೊಂಡು ಬರೆದಿದ್ದಾರೆ. ಇಲ್ಲೇ ಒಂದು ನಾಟಕ ಬರೆದರು. ಎಲ್ಲವನ್ನೂ ಬಿಟ್ಟೆ ಅಂದುಕೊಂಡ ಒಬ್ಬ ಸನ್ಯಾಸಿ, ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುವ ಒಂದು ಪುಟ್ಟ ಹುಡುಗಿ, ಇದು ಅದರ ಕತೆ. ಇಲ್ಲಿಂದ ಹಿಂತಿರುಗಿದ ಮೇಲೆ, 1883ರ ಡಿಸೆಂಬರಿನಲ್ಲಿ, ಅವರಿಗೆ ಮದುವೆಯಾಯಿತು.

ನನಗೆ ಇನ್ನೂ ಇಷ್ಟವಾದದ್ದು ಅವರ ಮುಪ್ಪಿನ ಕಾಲದ್ದು. 60 ದಾಟಿದ ಮೇಲೆ ಹಸ್ತಪ್ರತಿಯಲ್ಲಿ ಬೇಡದ ಸಾಲುಗಳನ್ನು ಹೊಡೆದುಹಾಕುತ್ತಿದ್ದರಲ್ಲ, ಆ ಗೀಟುಗಳನ್ನು ಸುಮ್ಮನೆ ಬಿಡದೆ ಒಂದಕ್ಕೊಂದು ಜೋಡಿಸಿದರು. ಕೊಕ್ಕು ಬಂತು, ರೆಕ್ಕೆ ಬಂತು, ಯಾವುದೋ ವಿಚಿತ್ರ ಪ್ರಾಣಿ ಬಂತು. ಹಾಗೆ ಆಡುತ್ತಾ ಆಡುತ್ತಾ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವಾದಾಗ ವಯಸ್ಸು 69. ನೊಬೆಲ್ ಬಂದು ಎಷ್ಟೋ ವರ್ಷವಾಗಿತ್ತು, ಹೊಸದಾಗಿ ಏನೂ ಕಲಿಯದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಹೊಡೆದುಹಾಕಿದ ಸಾಲಿನಲ್ಲಿ ಹಕ್ಕಿ ಕಂಡಿತು, ಅವರು ಬಿಡಲಿಲ್ಲ.

ಒಂದು ಸಂಜೆ ಕಡಲತೀರದಿಂದ ಬಂದವಳೇ ಪೆಟ್ಟಿಗೆಯಿಂದ ಚೆನ್ನೆಮಣೆ ತೆಗೆದೆ. ಎಣಿಸಿದರೆ 55 ಬೀಜ. ಒಂದು ಸಾಮಾನು ಸಾಗಿಸುವಾಗ ಎಲ್ಲೋ ಬಿದ್ದಿತ್ತು. ಮಾರನೇ ದಿನ ತೀರದಿಂದ ಒಂದು ಸಣ್ಣ ಚಿಪ್ಪು ಹೆಕ್ಕಿ ತಂದು ಅದರ ಜಾಗಕ್ಕೆ ಹಾಕಿದೆ. ಎದುರು ಮನೆಯ ಕೊಂಕಣಿ ಮಾತಾಡುವ ಅಕ್ಕ ನೋಡಿ, 'ಇದು ನಮ್ಮಮ್ಮನ ಮನೆಯಲ್ಲೂ ಇತ್ತು' ಅಂದರು. ಅವರ ಮನೆಯ ನಿಯಮ ಬೇರೆ, ನಮ್ಮದು ಬೇರೆ. ಮೊದಲ ವಾರ ಬರೀ ನಿಯಮದ ಜಗಳ. ಈಗ ಒಂದು ದಿನ ಅವರ ನಿಯಮ, ಒಂದು ದಿನ ನಮ್ಮದು.

ನಿನ್ನೆ ರಾತ್ರಿ ಕರೆಂಟ್ ಹೋಯಿತು ಅಂತ ಆಟ ಅರ್ಧಕ್ಕೆ ನಿಲ್ಲಿಸಿದೆವು. ಮಣೆಯನ್ನು ಹಾಗೇ ಮುಚ್ಚಿಟ್ಟಿದ್ದೇನೆ. ಅವರ ಸಾಲಿನ ಕೊನೆಯ ಗುಳಿಯಲ್ಲಿ 9 ಬೀಜ ಕೂತಿದೆ, ಚಿಪ್ಪೂ ಅದರಲ್ಲೇ ಇದೆ. ಅದರ ಹಿಂದಿನ ಗುಳಿ ಖಾಲಿ. ಇವತ್ತು ಮೊದಲ ಕೈ ನನ್ನದು. ಇಲ್ಲಿಂದ ಹೋದ ಕೂಡಲೇ ಕೆಳಗೆ ನಿಂತು ಸಿಳ್ಳೆ ಹಾಕುತ್ತೇನೆ, ಅವರು ಬಾಗಿಲು ತೆಗೆಯುತ್ತಾರೆ.

ನಮಸ್ಕಾರ.